ಮುದ್ದೆ ನುಂಗೋಕೆ ಹಲ್ಲು ಯಾಕೆ ಅಂತೀರಾ?

1/6
ನಮ್ಮ ಕಡೆ ಐವತ್ತು ದಾಟಿದವರ ಹಲ್ಲು ಅಲ್ಲಾಡಿದ್ರೆ ಮೂರೇ ಉತ್ತರ. "ವಯಸ್ಸಾಯ್ತಲ್ಲ." "ನಮ್ಮ ಬೋರ್ ನೀರೇ ಹಂಗೆ." ಮೂರನೇದು ನಗೋಕೆ: "ಮುದ್ದೆ ನುಂಗೋಕೆ ಹಲ್ಲು ಯಾಕೆ?"

ನಮ್ಮಜ್ಜಿನೂ ಹಿಂಗೇ ನಗ್ತಿದ್ರು. ಶ್ರೀನಿವಾಸಪುರದ ಕಡೆಯವರು. ಶುಗರ್ ಬಂದು ಹನ್ನೆರಡು ವರ್ಷ. ಕೊನೇ ನಾಲ್ಕು ವರ್ಷದಲ್ಲಿ ಹನ್ನೊಂದು ಹಲ್ಲು ಹೋದವು. ಒಂದರಲ್ಲೂ ಹುಳುಕಿಲ್ಲ. ಹಾಗಾದ್ರೆ ಯಾಕೆ ಬಿದ್ದವು?

2/6
ನೀರಿನ ಮಾತು ಮೊದಲು ಮುಗಿಸೋಣ. ಕೋಲಾರ ಜಿಲ್ಲೆಯ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಸಮಸ್ಯೆ ಇರೋದು ನಿಜ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರು ಕುಡಿಯಬಾರದು. ಹಲ್ಲು ಬೆಳೆಯೋ ವಯಸ್ಸಲ್ಲಿ ಅದನ್ನ ಕುಡಿದ ಮಕ್ಕಳಿಗೆ ಕಂದು ಕಲೆ ಬರುತ್ತೆ. ಆದ್ರೆ ಕಲೆ ಇರೋದು ಹಲ್ಲಿನ ಮೈಮೇಲೆ. ಅಲ್ಲಾಟ ಶುರುವಾಗೋದು ಬುಡದ ಮೂಳೆಯಲ್ಲಿ. ಎಲ್ಲಾನೂ ನೀರಿನ ತಲೆಗೆ ಕಟ್ಟಿದ್ರೆ ಶುಗರ್ ತಪ್ಪಿಸ್ಕೊಳ್ಳುತ್ತೆ.

3/6
ಟೊಮೇಟೊ ತೋಟದವರಿಗೆ ಇದು ಬೇಗ ಅರ್ಥ ಆಗುತ್ತೆ. ಗೂಟ ಗಟ್ಟಿಯಾಗಿದ್ರೂ ಬುಡದ ಮಣ್ಣು ಕೊಚ್ಚಿಹೋದ್ರೆ ಗೂಟ ನಿಲ್ಲುತ್ತಾ? ಹಲ್ಲು ಗೂಟ, ದವಡೆ ಮೂಳೆ ಮಣ್ಣು.

ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಜಾಸ್ತಿ ಇದ್ರೆ ಸಣ್ಣ ರಕ್ತನಾಳ ಹಾಳಾಗುತ್ತೆ, ಬಿಳಿ ರಕ್ತಕಣ ಮಂದ ಆಗುತ್ತೆ. ಹಲ್ಲಿನ ಬುಡದ ಪಾಚಿಯಲ್ಲಿರೋ ಕ್ರಿಮಿಗಳಿಗೆ ಹಬ್ಬ. ವಸಡು ಊದುತ್ತೆ. ಆ ಉರಿಯೂತದಲ್ಲಿ ಮೂಳೆ ಕರಗಿಸೋ ಕಣಗಳ ಕೆಲಸ ಜಾಸ್ತಿ, ಕಟ್ಟೋ ಕಣಗಳ ಕೆಲಸ ಕಮ್ಮಿ. ನೋವೂ ಹೆಚ್ಚಾಗಿ ಇರಲ್ಲ. ಹೋದ ಮೂಳೆ ತಾನಾಗೇ ವಾಪಸ್ ಬರಲ್ಲ. ಜೊತೆಗೆ ಬೀಡಿ, ಕಡ್ಡಿಪುಡಿ ಇದ್ರೆ ಇನ್ನೂ ಬೇಗ.

4/6
ಉಲ್ಟಾನೂ ನಿಜ. ವಸಡಿನ ಸೋಂಕು ಶುಗರನ್ನ ಏರಿಸುತ್ತೆ. ವಸಡಿಗೆ ಸರಿಯಾಗಿ ಚಿಕಿತ್ಸೆ ಮಾಡಿಸಿದವರಲ್ಲಿ ಮೂರ್ನಾಲ್ಕು ತಿಂಗಳಲ್ಲಿ ಎಚ್‌ಬಿಎ1ಸಿ ಸರಾಸರಿ 0.4ರಷ್ಟು ಇಳಿಯುತ್ತೆ. ಆದ್ರೆ ನಮ್ಮಲ್ಲಿ ಏನಂತಾರೆ? "ಕ್ಲೀನಿಂಗ್ ಮಾಡಿಸಿದ್ರೆ ಹಲ್ಲು ಸಡಿಲ ಆಗುತ್ತೆ." ಅಲ್ಲ ಕಣ್ರೀ! ಸಡಿಲ ಮೊದಲೇ ಆಗಿತ್ತು, ಪಾಚಿಗಲ್ಲು ಅದನ್ನ ಹಿಡಿದಿಟ್ಟಿತ್ತು ಅಷ್ಟೇ.

5/6
ಈಗ ನನ್ನ ಸಿಟ್ಟು. ಹನ್ನೆರಡು ವರ್ಷ ಅಜ್ಜಿ ತಿಂಗಳು ತಿಂಗಳು ಶುಗರ್ ಚೆಕ್ ಮಾಡಿಸಿದ್ರು. ಬೆರಳು ಚುಚ್ಚಿದ್ರು, ಮಾತ್ರೆ ಕೊಟ್ರು, ಕಾಲು ನೋಡಿದ್ರು. "ಅಜ್ಜಿ, ಬಾಯಿ ತೆಗೀರಿ" ಅಂತ ಒಬ್ಬರೂ ಅನ್ನಲಿಲ್ಲ.

2021ರಲ್ಲಿ ಬ್ಲಾಕ್ ಫಂಗಸ್ ಬಂದಾಗ ಗೊತ್ತಾಗಬೇಕಿತ್ತು. ಹತೋಟಿ ಇಲ್ಲದ ಶುಗರ್, ಮೇಲೆ ಸ್ಟೀರಾಯ್ಡ್. ಎಷ್ಟೋ ಜನರ ಮೇಲ್ದವಡೆಯನ್ನೇ ಕತ್ತರಿಸಿ ತೆಗೀಬೇಕಾಯ್ತು. ಅದೂ ಮರೆತುಹೋಯ್ತು.

ಬಡ ಹಿರಿಯರಿಗೆ ಉಚಿತ ಹಲ್ಲಿನ ಸೆಟ್ಟು ಕೊಡೋ ದಂತಭಾಗ್ಯ ಯೋಜನೆ ತಂದಿದ್ದು ಒಳ್ಳೇದೇ. ಆದ್ರೆ ಸೆಟ್ಟು ಕೂರೋದು ಯಾವುದರ ಮೇಲೆ? ಅದೇ ದವಡೆ ಮೂಳೆ ಮೇಲೆ. ಅದೇ ಸವೆದ್ರೆ ಸೆಟ್ಟು ಬಾಯಲ್ಲಿ ನಿಲ್ಲಲ್ಲ, ಡಬ್ಬಿಯಲ್ಲಿ ನಿಲ್ಲುತ್ತೆ. ಅಜ್ಜಿದು ಡಬ್ಬಿಯಲ್ಲೇ ಇದೆ.

6/6
"ಹಳ್ಳಿಗೆಲ್ಲ ಡೆಂಟಿಸ್ಟ್ ಎಲ್ಲಿಂದ ತರೋದು?" ಅಂತೀರಾ. ಬೇಡ. 30 ದಾಟಿದವರಿಗೆ ಸರ್ಕಾರ ಮಾಡೋ ತಪಾಸಣೆಯಲ್ಲಿ ಶುಗರ್, ಬಿಪಿ ಜೊತೆ ಬಾಯಿ ಕ್ಯಾನ್ಸರ್ ನೋಡೋದೂ ಸೇರಿದೆ. ಬಾಯಿ ಹೆಂಗೂ ತೆಗೆಸಬೇಕು ತಾನೇ? ಹಂಗೇ ವಸಡು ನೋಡಿ, ಒಂದು ಹಲ್ಲು ಅಲ್ಲಾಡಿಸಿ, ಶುಗರ್ ಕಾರ್ಡಲ್ಲಿ ಒಂದು ಸಾಲು ಬರೀರಿ. ಇದಕ್ಕೆ ಬಜೆಟ್ ಬೇಕಾ?

ನಮ್ಮ ಪಾಲಿಂದು: ಇವತ್ತು ರಾತ್ರಿ ಮನೇಲಿ ಶುಗರ್ ಇರೋರನ್ನ ಮೂರು ಪ್ರಶ್ನೆ ಕೇಳಿ. ಉಜ್ಜುವಾಗ ರಕ್ತ ಬರುತ್ತಾ? ಬಾಯಿ ವಾಸನೆ ಹೋಗ್ತಾನೇ ಇಲ್ವಾ? ಯಾವ ಹಲ್ಲಾದ್ರೂ ಅಲ್ಲಾಡುತ್ತಾ? ಒಂದಕ್ಕೆ ಹೌದು ಅಂದ್ರೂ ಶುಗರ್ ಕಾರ್ಡ್ ಸಮೇತ ದಂತವೈದ್ಯರ ಹತ್ರ ಕರ್ಕೊಂಡ್ಹೋಗಿ.

ಮುದ್ದೆ ನುಂಗಬಹುದು, ಒಪ್ಪಿದೆ. ಕಡಲೆಕಾಯಿ? ಅಜ್ಜಿ ಈಗ ಅದನ್ನ ಸುಲಿದು ನಮಗೆ ಕೊಡ್ತಾರೆ, ಅಷ್ಟೇ.

#ಬಾಯಿತೆಗೀರಿ #ಕೋಲಾರ #ಮಾಲೂರು #ಮುಳಬಾಗಿಲು #ಶ್ರೀನಿವಾಸಪುರ