ಪುಟ ತೆರೆಯದಿದ್ದರೆ ‘ನೆಟ್ ಇಲ್ಲ’ ಎಂಬುದು ಉತ್ತರವೇ?

ಈ ಸಲದ ಗೋಡೆ ಪತ್ರಿಕೆಗೆ ನಾನು ಕಥೆ, ಕವನ ಬರೆಯದೆ ಒಂದು ಅಭಿಪ್ರಾಯ ಬರೆಯುತ್ತಿದ್ದೇನೆ. ಒಪ್ಪದವರು ಮುಂದಿನ ಸಂಚಿಕೆಯಲ್ಲಿ ಉತ್ತರ ಬರೆಯಬಹುದು.

‘ಇದು ಕಂಪ್ಯೂಟರ್ ಯುಗ’ ಎಂದು ಭಾಷಣ ಸ್ಪರ್ಧೆಯಲ್ಲಿ ನಾವೆಲ್ಲರೂ ಹೇಳುತ್ತೇವೆ, ಚಪ್ಪಾಳೆಯನ್ನೂ ಪಡೆಯುತ್ತೇವೆ. ಅದು ನಿಜವೇ. ವಿದ್ಯಾರ್ಥಿವೇತನದ ಅರ್ಜಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಪಹಣಿ, ಪರೀಕ್ಷೆಯ ಫಲಿತಾಂಶ ಎಲ್ಲವೂ ಈಗ ಅಂತರ್ಜಾಲದ ಪುಟಗಳಲ್ಲಿವೆ. ಆದರೆ ಆ ಪುಟವೇ ತೆರೆಯದಿದ್ದರೆ? ಆಗ ನಮಗೆ ಸಿಗುವ ಉತ್ತರ ಎರಡೇ. ಒಂದು, “ನೆಟ್ ಇಲ್ಲ ಕನಪ್ಪ, ನಾಳಕ್ ಬಾ.” ಇನ್ನೊಂದು, “ಸರ್ವರ್ ಬ್ಯುಸಿ ಅದ.” ಕೂಲಿ ಬಿಟ್ಟು ಕೊಳ್ಳೇಗಾಲದ ಬಸ್ಸು ಹತ್ತಿ ಹೋದವರು ಈ ಮಾತು ಕೇಳಿ ಸುಮ್ಮನೆ ವಾಪಸ್ ಬರುತ್ತಾರೆ. ಒಂದು ದಿನದ ಕೂಲಿ ಹೋಯಿತು, ಬಸ್ ಚಾರ್ಜೂ ಹೋಯಿತು. ಅರ್ಜಿಯ ಕೊನೆಯ ತಾರೀಕು ದಾಟಿದರೆ ಒಂದು ವರ್ಷದ ವಿದ್ಯಾರ್ಥಿವೇತನವೇ ಹೋಯಿತು. ಇದು ಸಣ್ಣ ವಿಷಯವೇ ನೀವೇ ಹೇಳಿ.

‘ನೆಟ್ ಇಲ್ಲ’ ಎಂಬುದು ಉತ್ತರವಲ್ಲ ಎಂಬುದೇ ನನ್ನ ಅಭಿಪ್ರಾಯ. ಒಂದು ಪುಟ ತೆರೆದು ಇನ್ನೊಂದು ತೆರೆಯದಿದ್ದರೆ ನೆಟ್ ಇದೆ ಎಂದೇ ಅರ್ಥ. ತೊಂದರೆ ಬೇರೆ ಕಡೆ ಇದೆ. ಅದನ್ನು ಹುಡುಕುವುದನ್ನು ಹೈಸ್ಕೂಲಿನ ಮಕ್ಕಳಾದ ನಾವು ಕಲಿಯಲೇಬೇಕು.

ಹುಡುಕುವ ಕ್ರಮವನ್ನು ನಮ್ಮ ಊರಿನವರಿಗೆ ಹೊಸದಾಗಿ ಹೇಳಬೇಕಿಲ್ಲ. ನಮ್ಮ ಪಕ್ಕದ ಶಿವನಸಮುದ್ರದಲ್ಲಿ 1902ರಲ್ಲೇ ಕಾವೇರಿ ನೀರಿನಿಂದ ವಿದ್ಯುತ್ ತಯಾರಿಸಿ ಕೋಲಾರದ ಚಿನ್ನದ ಗಣಿಗೆ ಕಳಿಸಿದರು. 1905ರಲ್ಲಿ ಬೆಂಗಳೂರಿನ ಬೀದಿ ದೀಪ ಉರಿದದ್ದೂ ಅದೇ ಕರೆಂಟಿನಿಂದ. ಮನೆಯಲ್ಲಿ ಬಲ್ಬು ಹತ್ತದಿದ್ದರೆ ಲೈನ್‌ಮನ್ ಅಣ್ಣ ಮೊದಲು ಏನು ಕೇಳುತ್ತಾರೆ? “ಊರ್ಗೆಲ್ಲಾ ಕರೆಂಟ್ ಇಲ್ವಾ, ನಿಮ್ ಬೀದಿಗ್ ಮಾತ್ರ ಇಲ್ವಾ, ಇಲ್ಲ ನಿಮ್ ಮನೆಗ್ ಮಾತ್ರನಾ?” ಊರಿಗೆಲ್ಲಾ ಇಲ್ಲದಿದ್ದರೆ ನಮ್ಮ ಫ್ಯೂಸು ಬಿಚ್ಚಿ ಫಲವಿಲ್ಲ. ನಮ್ಮ ಮನೆಗೆ ಮಾತ್ರ ಇಲ್ಲದಿದ್ದರೆ ಪವರ್ ಹೌಸನ್ನು ಬೈದು ಫಲವಿಲ್ಲ. ಪುಟದ ವಿಷಯವೂ ಹೀಗೆಯೇ.

ಮೊದಲನೆಯದು, ಎಲ್ಲ ಪುಟವೂ ನಿಂತಿದೆಯೋ, ಕೆಲವು ಮಾತ್ರವೋ ನೋಡಬೇಕು. ಎಲ್ಲವೂ ನಿಂತಿದ್ದರೆ ನೆಟ್ಟಿನ ದೋಷ ಇರಬಹುದು. ಕೆಲವು ಮಾತ್ರವಾದರೆ ಅದೇ ಪುಟವನ್ನು ಬೇರೆ ಕಂಪನಿ ಸಿಮ್ಮಿನ ಇನ್ನೊಂದು ಫೋನಿನಲ್ಲಿ ತೆರೆದು ನೋಡಬೇಕು. ಅಲ್ಲಿ ತೆರೆದರೆ ದೋಷ ನಮ್ಮ ಕಡೆ. ಎಲ್ಲಿಯೂ ತೆರೆಯದಿದ್ದರೆ ಬಹುಮಟ್ಟಿಗೆ ಅವರ ಕಡೆ.

ಎರಡನೆಯದು, ಪರದೆಯ ಮೇಲೆ ಬರೆದಿರುವುದನ್ನು ಓದಬೇಕು. ಇಂಗ್ಲಿಷಿನಲ್ಲಿದೆ ಎಂದು ನಾವು ಓದದೆಯೇ ಮುಚ್ಚಿಬಿಡುತ್ತೇವೆ. ಆದರೆ ಅದರಲ್ಲಿ ಅನೇಕ ಸಲ ಒಂದು ಸಂಖ್ಯೆ ಇರುತ್ತದೆ. 404 ಎಂದಿದ್ದರೆ ಆ ವಿಳಾಸದಲ್ಲಿ ಅಂಥ ಪುಟವಿಲ್ಲ. ವಿಳಾಸ ತಪ್ಪಿದೆ, ಇಲ್ಲವೇ ಪುಟವನ್ನು ತೆಗೆದುಹಾಕಿದ್ದಾರೆ. 403 ಎಂದರೆ ನಮಗೆ ಅಲ್ಲಿ ಪ್ರವೇಶವಿಲ್ಲ. 500 ಎಂದರೆ ಅವರ ಯಂತ್ರದಲ್ಲೇ ದೋಷ. 503 ಎಂದರೆ ಅವರ ಯಂತ್ರಕ್ಕೆ ಸದ್ಯ ಕೆಲಸ ಮಾಡಲಾಗುತ್ತಿಲ್ಲ. ಜನಸಂದಣಿ ಹೆಚ್ಚಾಗಿರಬಹುದು ಅಥವಾ ದುರಸ್ತಿ ನಡೆಯುತ್ತಿರಬಹುದು. ಆಗ ರಾತ್ರಿಯೋ ಬೆಳಗಿನ ಜಾವವೋ ಮತ್ತೆ ನೋಡಬೇಕು. ನೂರರ ಸ್ಥಾನದಲ್ಲಿ 5 ಇದ್ದರೆ ನಮ್ಮ ಕಂಪ್ಯೂಟರನ್ನು ಎಷ್ಟು ಸಲ ಆಫ್ ಮಾಡಿ ಆನ್ ಮಾಡಿದರೂ ಪ್ರಯೋಜನವಿಲ್ಲ ಎಂದು ನೆನಪಿಟ್ಟುಕೊಳ್ಳಿ.

ಮೂರನೆಯದು ತಾರೀಕು. ಇದನ್ನು ಕೇಳಿ ಕೆಲವರು ನಗಬಹುದು. ನಮ್ಮ ಚಿಕ್ಕಪ್ಪನ ಹಳೇ ಕಂಪ್ಯೂಟರಿನಲ್ಲಿ ಒಂದೆರಡು ಪುಟ ತೆರೆಯುತ್ತಿತ್ತು, ಬ್ಯಾಂಕು, ಅರ್ಜಿ ಯಾವುದೂ ತೆರೆಯುತ್ತಿರಲಿಲ್ಲ. “ನೆಟ್ಟು ಕೆಟ್ಟೋಗದ ಕನವ್ವ, ಬುಡು” ಅಂದರು. “ಚಿಕ್ಕಪ್ಪ, ಮೊದ್ಲು ತಾರೀಕ್ ನೋಡು” ಅಂದೆ. ಮೂಲೆಯಲ್ಲಿ ತಾರೀಕು ಹತ್ತು ವರ್ಷ ಹಿಂದಕ್ಕೆ ಹೋಗಿತ್ತು. ಸರಿ ಮಾಡಿದ ಕೂಡಲೇ ಎಲ್ಲವೂ ತೆರೆಯಿತು.

ಇದಕ್ಕೆ ಕಾರಣ ಹೀಗಿದೆ. ವಿಳಾಸದ ಮೊದಲಿಗೆ ಎಚ್‌ಟಿಟಿಪಿಎಸ್ ಎಂದು ಇರುವ ತಾಣ ಒಂದು ಪ್ರಮಾಣಪತ್ರ ತೋರಿಸಬೇಕು. ಅದರಲ್ಲಿ ‘ಇಂಥ ದಿನದಿಂದ ಇಂಥ ದಿನದವರೆಗೆ’ ಎಂದು ಬಸ್ ಪಾಸಿನಲ್ಲಿರುವಂತೆ ಅವಧಿ ಇರುತ್ತದೆ. ಬ್ರೌಸರ್ ಆ ಅವಧಿಯನ್ನು ನಮ್ಮ ಕಂಪ್ಯೂಟರಿನ ಗಡಿಯಾರದ ಜೊತೆ ಹೋಲಿಸುತ್ತದೆ. ಗಡಿಯಾರ ಎರಡು ತಿಂಗಳು ಹಿಂದೆ ಇದ್ದರೆ, ಆ ಎರಡು ತಿಂಗಳಲ್ಲಿ ಹೊಸ ಪತ್ರ ಪಡೆದ ತಾಣಗಳು ಮಾತ್ರ ತೆರೆಯುವುದಿಲ್ಲ, ಉಳಿದವು ತೆರೆಯುತ್ತವೆ. ‘ಕೆಲವು ತೆರೆಯುತ್ತವೆ, ಕೆಲವು ತೆರೆಯುವುದಿಲ್ಲ’ ಎಂಬ ಮಾಯೆಗೆ ಇದೂ ಒಂದು ಕಾರಣ. 2020ರ ಸೆಪ್ಟೆಂಬರ್ 1ರಿಂದ ಕೊಡುತ್ತಿದ್ದ ಪತ್ರಗಳ ಅವಧಿ 398 ದಿನ ಮೀರಬಾರದು ಎಂಬ ನಿಯಮ ಬಂದಿತ್ತು. ಆದ್ದರಿಂದ ತಾರೀಕು ತಪ್ಪಿದರೆ ತೊಂದರೆ ಬೇಗ ಕಾಣುತ್ತದೆ.

ತಾರೀಕು ಯಾಕೆ ತಪ್ಪುತ್ತದೆ? ಕಂಪ್ಯೂಟರಿನ ಒಳಗೆ ನಾಣ್ಯದಂಥ ಒಂದು ಸಣ್ಣ ಸೆಲ್ ಇರುತ್ತದೆ. ಅದರ ಮೇಲೆ ಸಾಮಾನ್ಯವಾಗಿ ಸಿಆರ್ 2032 ಎಂದು ಬರೆದಿರುತ್ತದೆ. ಕರೆಂಟು ಇಲ್ಲದಾಗ ಗಡಿಯಾರ ನಡೆಸುವುದೇ ಅದು. ಸೆಲ್ ಸತ್ತರೆ ಕರೆಂಟು ಹೋಗಿ ಬಂದಾಗಲೆಲ್ಲಾ ತಾರೀಕು ಹಿಂದಕ್ಕೆ ಹೋಗುತ್ತದೆ. ಹಳ್ಳಿಯಲ್ಲಿ ಕರೆಂಟು ಎಷ್ಟು ಸಲ ಹೋಗುತ್ತದೆ ಎಂದು ನಾನು ಬರೆಯಬೇಕಿಲ್ಲ! ಸೆಲ್ ಬದಲಾಯಿಸುವಾಗ ಪ್ಲಗ್ ಕಿತ್ತು, ಗೊತ್ತಿರುವ ದೊಡ್ಡವರ ಎದುರಿಗೇ ಮಾಡಬೇಕು.

ತಾರೀಕು ಸರಿ ಇದ್ದರೂ ತೆರೆಯದಿದ್ದರೆ ಬ್ರೌಸರಿನ ಖಾಸಗಿ ಕಿಟಕಿಯಲ್ಲಿ ಅದೇ ಪುಟ ತೆರೆದು ನೋಡಿ. ಅಲ್ಲಿ ತೆರೆದರೆ ಬ್ರೌಸರ್ ಹಿಂದೆ ಕೂಡಿಟ್ಟ ಹಳೇ ಮಾಹಿತಿ ಅಡ್ಡ ಬಂದಿದೆ, ಇಲ್ಲವೇ ಅದಕ್ಕೆ ಸೇರಿಸಿದ ಯಾವುದೋ ಹೆಚ್ಚುವರಿ ಸಾಧನ ತಡೆಯುತ್ತಿದೆ. ಆಗ ಆ ಒಂದು ತಾಣದ ಮಾಹಿತಿ ಮಾತ್ರ ಅಳಿಸಿದರೆ ಸಾಕು. ಇಲಿ ಬಂತೆಂದು ಮನೆಗೇ ಬೆಂಕಿ ಇಡುವಂತೆ ಎಲ್ಲವನ್ನೂ ಅಳಿಸಬೇಡಿ, ಉಳಿಸಿಟ್ಟ ಪಾಸ್‌ವರ್ಡೂ ಹೋದಾವು. ಬೇರೆ ಬ್ರೌಸರಿನಲ್ಲೂ ಒಮ್ಮೆ ನೋಡಿ. ಬ್ರೌಸರ್ ಬಹಳ ಹಳೆಯದಾದರೆ ಹೊಸದು ಹಾಕಿಕೊಳ್ಳಿ. 2021ರ ಸೆಪ್ಟೆಂಬರ್ 30ರಂದು ಅನೇಕ ತಾಣಗಳು ನೆಚ್ಚಿಕೊಂಡಿದ್ದ ಒಂದು ಮೂಲ ಪ್ರಮಾಣಪತ್ರದ ಅವಧಿ ಮುಗಿಯಿತು. ಆಗ ತಾರೀಕು ಸರಿ ಇದ್ದ ಹಳೇ ಕಂಪ್ಯೂಟರು, ಫೋನುಗಳಲ್ಲೂ ಕೆಲವು ತಾಣ ತೆರೆಯದೆ ನಿಂತವು.

ಒಂದು ಎಚ್ಚರಿಕೆ. ‘ಈ ತಾಣ ಸುರಕ್ಷಿತವಲ್ಲ’ ಎಂದು ಬಂದಾಗ ‘ಆದರೂ ಮುಂದುವರಿ’ ಎಂಬುದನ್ನು ಒತ್ತಿ ಒಳಗೆ ಹೋಗುವುದು ಜಾಣತನವಲ್ಲ. ಆ ಪುಟ ನಿಜವಾದ್ದೋ ಕಳ್ಳರದ್ದೋ ನಮಗೆ ತಿಳಿಯುವುದಿಲ್ಲ. ಅಲ್ಲಿ ಆಧಾರ್ ಸಂಖ್ಯೆ, ಬ್ಯಾಂಕ್ ಸಂಖ್ಯೆ ಕೊಡಲೇಬಾರದು.

‘ಕುಣಿಯಲಾರದವಳು ನೆಲ ಡೊಂಕು ಅಂದಳು’ ಎಂಬ ಗಾದೆ ನಮಗೆಲ್ಲಾ ಗೊತ್ತು. ಮೇಲಿನದೆಲ್ಲಾ ಕುಣಿಯುವವರ ಮಾತಾಯಿತು. ಆದರೆ ಕೆಲವು ಸಲ ನೆಲವೂ ಡೊಂಕಾಗಿರುತ್ತದೆ. ಪುಟ ಮಾಡುವವರೂ ಜವಾಬ್ದಾರರು. ಮೊದಲು ಅನೇಕರು ಇಂಟರ್ನೆಟ್ ಎಕ್ಸ್‌ಪ್ಲೋರರ್ ಎಂಬ ಒಂದೇ ಬ್ರೌಸರಿಗೆ ಹೊಂದುವಂತೆ ಪುಟ ಮಾಡಿದರು. 2022ರ ಜೂನ್ 15ರಂದು ಅದಕ್ಕೆ ಮೈಕ್ರೋಸಾಫ್ಟ್ ಕಂಪನಿಯೇ ವಿದಾಯ ಹೇಳಿತು. ಫ್ಲಾಶ್ ಎಂಬುದನ್ನು ನಂಬಿ ಮಾಡಿದ ಪುಟಗಳ ಗತಿಯೂ 2020ರ ಕೊನೆಗೆ ಅಷ್ಟೇ ಆಯಿತು. ಇದರಲ್ಲಿ ಓದುವವನ ತಪ್ಪೇನಿದೆ?

ಕನ್ನಡದ ಉದಾಹರಣೆಯನ್ನೇ ನೋಡಿ. ಹಿಂದೆ ಕನ್ನಡದ ತಾಣಗಳು ತಮ್ಮ ತಮ್ಮದೇ ಅಕ್ಷರ ವಿನ್ಯಾಸ ಬಳಸುತ್ತಿದ್ದವು. ಆ ಫಾಂಟು ನಮ್ಮಲ್ಲಿ ಇಲ್ಲದಿದ್ದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಗುರುತುಗಳು ಕಾಣುತ್ತಿದ್ದವು. ಪ್ರತಿ ತಾಣಕ್ಕೂ ಒಂದೊಂದು ಫಾಂಟು ಹಾಕಿಕೊಳ್ಳುವುದು ಓದುವವರ ಪಾಡಾಗಿತ್ತು. ಇದಕ್ಕೆ ನಿಜವಾದ ಪರಿಹಾರ ಬಂದದ್ದು ಯೂನಿಕೋಡಿನಿಂದ. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನ ಸಿಕ್ಕಿತ್ತು. ಅದರಲ್ಲಿ ‘ಕ’ ಅಕ್ಷರಕ್ಕೆ 3221 ಎಂಬ ಸಂಖ್ಯೆ, ಸತ್ತೇಗಾಲದಲ್ಲೂ ಅದೇ, ಅಮೆರಿಕದಲ್ಲೂ ಅದೇ. ತಾಣ ಮಾಡುವವರು ನಿಧಾನವಾಗಿಯಾದರೂ ಆ ಒಂದೇ ನಿಯಮಕ್ಕೆ ಬಂದ ಮೇಲೆ ತೊಂದರೆ ನೀಗಿತು. ಆದ್ದರಿಂದ ಸಾರ್ವಜನಿಕರ ಅರ್ಜಿ ಪುಟಗಳು ಕಡಿಮೆ ಬೆಲೆಯ ಫೋನಿನಲ್ಲೂ, ಯಾವ ಬ್ರೌಸರಿನಲ್ಲೂ ತೆರೆಯುವಂತೆ ಮಾಡಬೇಕು. ಕೊನೆಯ ದಿನ ಅವರ ಯಂತ್ರ ನಿಂತರೆ ತಾರೀಕನ್ನು ಮುಂದಕ್ಕೆ ಹಾಕಬೇಕು. ಇದು ಭಿಕ್ಷೆಯಲ್ಲ, ನ್ಯಾಯ.

“ಮಕ್ಳು ಕಂಪ್ಯೂಟರ್ ಮುಟ್ಟುದ್ರೆ ಕೆಟ್ಟೋಯ್ತದ” ಎಂದು ಕೆಲವರು ಹೇಳುತ್ತಾರೆ. ಅವರ ಭಯ ಸುಳ್ಳಲ್ಲ, ಏನೇನೋ ಒತ್ತಿದರೆ ಕೆಡುತ್ತದೆ. ಆದರೆ ನಾನು ಹೇಳುತ್ತಿರುವುದು ಒತ್ತುವುದನ್ನಲ್ಲ. ನೋಡುವುದು, ಓದುವುದು, ಹೋಲಿಸುವುದು. ವಿಜ್ಞಾನದ ಪಾಠದಲ್ಲಿ ಗುರುಗಳು ನಮಗೆ ಹೇಳಿಕೊಡುವುದೂ ಇದನ್ನೇ.

ಕೊನೆಯದಾಗಿ ಗುರುಗಳಲ್ಲಿ ಒಂದು ವಿನಂತಿ. ಕಂಪ್ಯೂಟರಿನ ಪಕ್ಕದಲ್ಲಿ ಒಂದು ನೋಟ್ ಪುಸ್ತಕ ಇಡಿಸಬೇಕು. ಯಾವ ಪುಟ ತೆರೆಯಲಿಲ್ಲ, ದಿನಾಂಕ ಮತ್ತು ವೇಳೆ ಎಷ್ಟು, ಪರದೆಯ ಮೇಲೆ ಏನು ಬರೆದಿತ್ತು, ಬೇರೆ ಫೋನಿನಲ್ಲಿ ತೆರೆಯಿತೋ ಇಲ್ಲವೋ, ಈ ನಾಲ್ಕನ್ನು ನಾವು ಬರೆಯುತ್ತೇವೆ. ದೋಷ ನಮ್ಮದಾದರೆ ಸರಿ ಮಾಡಿಕೊಳ್ಳುತ್ತೇವೆ. ಅವರದಾದರೆ ಆ ಪುಸ್ತಕವೇ ನಮ್ಮ ಸಾಕ್ಷಿ. ‘ಸರ್ವರ್ ಇರಲಿಲ್ಲ ಸಾರ್’ ಎಂಬ ಬಾಯಿ ಮಾತಿಗಿಂತ ದಿನಾಂಕ ಹಾಕಿದ ನಾಲ್ಕು ಸಾಲಿನ ಅರ್ಜಿಗೆ ಬೆಲೆ ಹೆಚ್ಚು. ಮಿತ್ರರೇ, ಮೊದಲ ಪುಟ ಬರೆಯಲು ನಾನು ಸಿದ್ಧಳಿದ್ದೇನೆ. ನೀವೂ ಕೈ ಜೋಡಿಸಿ.


ಹತ್ತನೇ ತರಗತಿಯ ಒಬ್ಬ ವಿದ್ಯಾರ್ಥಿನಿ