ಲೋಟದೊಳಗಿನ ಸೂರ್ಯ

ಗೌರಿಬಿದನೂರಿನಲ್ಲಿ 1965ರಲ್ಲಿ ಆರಂಭವಾದ ಭೂಕಂಪನ ಮಾಪನ ಕೇಂದ್ರಕ್ಕೆ ದೂರದೇಶದ ನೆಲದಡಿ ಅಣುಬಾಂಬು ಸಿಡಿದರೂ ಸುಳಿವು ಸಿಗುತ್ತದೆ. ಅನ್ಯದೇಶಗಳ ದಾಖಲೆಯೊಡನೆ ಅದನ್ನು ತಾಳೆ ನೋಡಬಹುದು. ಅದನ್ನು ನಡೆಸುವ ಭಾಭಾ ಪರಮಾಣು ಸಂಶೋಧನಾ ಕೇಂದ್ರದ್ದೇ ಇನ್ನೊಂದು ಸುದ್ದಿಗೆ ಮಾತ್ರ ಇಂಥ ತಾಳೆ ಸಿಗಲಿಲ್ಲ.

1989ರ ಮಾರ್ಚ್ 23ರಂದು ಅಮೆರಿಕದ ಯೂಟಾದಲ್ಲಿ ಫ್ಲೈಷ್‌ಮನ್, ಪಾನ್ಸ್ ಎಂಬ ರಸಾಯನವಿಜ್ಞಾನಿಗಳು, ಭಾರಜಲದಲ್ಲಿ ಪೆಲೇಡಿಯಂ ಅದ್ದಿ ವಿದ್ಯುತ್ ಹರಿಸಿದರೆ ಸೂರ್ಯನ ಒಡಲಿನಂತೆ ಪರಮಾಣು ಬೀಜಗಳು ಬೆಸೆದು ಶಾಖ ಹೊಮ್ಮುತ್ತದೆಂದರು. ಪಿ.ಕೆ. ಅಯ್ಯಂಗಾರ್ ನಿರ್ದೇಶಕರಾಗಿದ್ದ ಭಾಭಾ ಕೇಂದ್ರದಲ್ಲೂ ಪ್ರಯೋಗ ನಡೆದು, ನ್ಯೂಟ್ರಾನ್, ಟ್ರಿಟಿಯಂ ಕಂಡವೆಂದು ವರದಿಯಾಯಿತು. ತೊಡಕಿದ್ದುದು ಅಲ್ಲೇ. ಭಾರ ಹೈಡ್ರೋಜನ್ ಬೆಸೆದಾಗ ಎರಡೂ ಸುಮಾರು ಸಮನಾಗಿ ಹುಟ್ಟಬೇಕು; ಇಲ್ಲಿ ನ್ಯೂಟ್ರಾನ್ ತೀರ ಕಡಿಮೆ. ಯೂಟಾದ ಶಾಖಕ್ಕೆ ತಕ್ಕಷ್ಟು ನ್ಯೂಟ್ರಾನ್ ಹೊಮ್ಮಿದ್ದರೆ ಪಕ್ಕದಲ್ಲಿದ್ದವರು ಬದುಕುತ್ತಲೇ ಇರಲಿಲ್ಲ!

ಅಗ್ಗದ ವಿದ್ಯುತ್ತಿನ ಆಸೆ ದೊಡ್ಡದು. ಗೂಗಲ್ ಹಣದಲ್ಲಿ ನಡೆದ ಮರುಶೋಧವೂ ಪುರಾವೆ ಸಿಗಲಿಲ್ಲವೆಂದು 2019ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಪ್ಪಿಕೊಂಡಿತು.