‘ಸಾರಿ’ ಎಂಬ ಶಬ್ದ

ನಮ್ಮ ಸದಲಗೆಯ ಗೃಹಸ್ಥರೊಬ್ಬರು ಮೊನ್ನೆ ತಮ್ಮ ಮಗನ ಇಂಗ್ಲೀಷು ಪತ್ರದ ಕರಡೊಂದನ್ನು ತಿದ್ದಿಕೊಡಬೇಕೆಂದು ನಮ್ಮಲ್ಲಿಗೆ ತಂದಿದ್ದರು. ಹುಡುಗನು ಇಚಲಕರಂಜಿಯಲ್ಲಿ ಕೆಲಸಕ್ಕಿರುವನು. ಲೆಕ್ಕಪತ್ರಗಳನ್ನು ಎರಡು ದಿನ ತಡಮಾಡಿ ಕಳಿಸಿದ್ದಕ್ಕಾಗಿ ಮೇಲಧಿಕಾರಿಯ ಕ್ಷಮೆ ಬೇಡಬೇಕಾಗಿತ್ತು. “ಸಾರಿ ಫಾರ್ ದಿ ಇನ್‌ಕನ್ವೀನಿಯನ್ಸ್, ಇಫ್ ಎನಿ” ಎಂದು ಬರೆದಿದ್ದನು. ತೊಂದರೆಯೇನಾದರೂ ಆಗಿದ್ದರೆ ವಿಷಾದವೆಂದು ಇದರ ತಾತ್ಪರ್ಯ. ನಾವು ಕಡೆಯ ಎರಡು ಶಬ್ದಗಳನ್ನು ಹೊಡೆದುಹಾಕಿದೆವು. ತೊಂದರೆಯಾದದ್ದು ನಿಶ್ಚಯವಿರುವಾಗ ‘ಆಗಿದ್ದರೆ’ ಎಂಬದು ವಿನಯವಲ್ಲ, ಜಾರಿಕೊಳ್ಳುವ ದಾರಿ. ಅದರ ಬದಲು “ಐ ಅಪಾಲಜೈಜ್ ಫಾರ್ ಸೆಂಡಿಂಗ್ ದಿ ಅಕೌಂಟ್ಸ್ ಟೂ ಡೇಜ್ ಲೇಟ್” ಎಂದು ಬರೆಯಿಸಿದೆವು. ಮಾಡಿದ್ದೇನೆಂಬದು ಅದರಲ್ಲಿ ಸ್ಪಷ್ಟವಾಗಿರುವದು.

ಇಂಗ್ಲೀಷಿನಲ್ಲಿ ಈ ಕಾರ್ಯಕ್ಕೆ ಹಲವು ಶಬ್ದಗಳುಂಟು. ಬಸ್ಸಿನಲ್ಲಿ ದಾರಿ ಕೇಳುವಾಗ “ಎಕ್ಸ್‌ಕ್ಯೂಜ್ ಮಿ”; ಕಾಲು ತುಳಿದಾದ ಮೇಲೆ “ಸಾರಿ”. ಮಾತು ಕೇಳಿಸದಿದ್ದರೆ ಸ್ವರವೇರಿಸಿ “ಪಾರ್ಡನ್?” ಎನ್ನುವರು. ಇನ್ನು ತೊಂದರೆ ಕೊಡುವವರಿದ್ದರೆ “ಸಾರಿ ಟು ಟ್ರಬಲ್ ಯು”. ಕೊಟ್ಟು ಮುಗಿದಿದ್ದರೆ “ಸಾರಿ ಫಾರ್ ಟ್ರಬ್ಲಿಂಗ್ ಯು”. ‘ಅಪಾಲಜೈಜ್’ ಎಂಬದು ಕಚೇರಿಯ ಪತ್ರಕ್ಕೆ ಒಪ್ಪುವದು. ಮನೆಯೊಳಗೆ ಬಿಗಿಯಾಗಿ ಕೇಳಿಸುವದು. ‘ಸಾರಿ’ಯ ಹಿಂದೆಯೇ ‘ಬಟ್’ ಬಂದಿತೆಂದರೆ ಕ್ಷಮೆ ಮುಗಿದು ವಾದವು ಆರಂಭವಾಯಿತೆಂದು ತಿಳಿಯತಕ್ಕದ್ದು.

ಮರಣವಾರ್ತೆಯನ್ನು ಕೇಳಿದಾಗಲೂ ಇಂಗ್ಲೀಷರು “ಐ ಆಮ್ ಸಾರಿ” ಎನ್ನುವರು. ನಮ್ಮ ವಿದ್ಯಾರ್ಥಿಗಳು ಇದಕ್ಕೆ ಬೆರಗಾಗಿ, ಇವರೇನು ತಪ್ಪು ಮಾಡಿದರೆಂದು ಕೇಳುತ್ತಿದ್ದರು. ‘ಸಾರಿ’ಯು ನೋವೆಂಬರ್ಥದ ‘ಸೋರ್’ ಶಬ್ದದ ಬಳಗದ್ದು. ನನ್ನ ಮನಸ್ಸು ನೊಂದಿದೆ ಎಂಬಷ್ಟೇ ಅದರ ಮೂಲಾರ್ಥ. ‘ಅಪಾಲಜಿ’ಯ ಕಥೆ ಇನ್ನೂ ವಿಚಿತ್ರ. ಗ್ರೀಕರಲ್ಲಿ ಅದಕ್ಕೆ ಸ್ವಪಕ್ಷ ಸಮರ್ಥನೆಯೆಂದರ್ಥ. ಕ್ರಿ. ಪೂ. 399ರಲ್ಲಿ ಅಥೆನ್ಸಿನ ನ್ಯಾಯಸಭೆಯೆದುರು ಸಾಕ್ರಟೀಸನು ಮಾಡಿದ ವಾದಕ್ಕೆ ಅಪಾಲಜಿಯೆಂದೇ ಹೆಸರು. ಅವನು ಅಲ್ಲಿ ಕ್ಷಮೆ ಬೇಡಲಿಲ್ಲ. ನಮ್ಮ ‘ಕ್ಷಮ್’ ಧಾತುವಿಗೆ ಧಾತುಪಾಠವು ಸಹನೆಯೆಂಬ ಅರ್ಥವನ್ನು ಕೊಡುವದು. ‘ಕ್ಷಮಿಸಿರಿ’ ಎಂದರೆ ನೀವು ತಾಳಿಕೊಳ್ಳಿರೆಂದು ಎದುರಿನವರಿಗೇ ಹೊರೆ ಹೊರಿಸಿದಂತೆ. ‘ತಪ್ಪಾಯಿತು’ ಎಂಬಲ್ಲಿಯಂತೂ ಕರ್ತೃವೇ ಕಾಣಿಸನು! ಆದರೂ ಆ ಒಂದು ಮಾತು ನಮ್ಮ ಗಂಟಲಿನಿಂದ ಎಷ್ಟು ಕಷ್ಟದಿಂದ ಹೊರಡುವದು, ‘ಸಾರಿ’ ಎಷ್ಟು ಸುಲಭವಾಗಿ ಜಾರುವದು!

ಇಷ್ಟೆಲ್ಲವನ್ನು ಕಲಿಸಿದ ನಾವೇ ಇದರಲ್ಲಿ ಸಿಕ್ಕಿಬಿದ್ದೆವು. 1994ರಲ್ಲಿ ಸಾಲಿಯೊಂದರಲ್ಲಿ ಕಂಪಾಸ ಪೆಟ್ಟಿಗೆಯೊಂದು ಕಾಣದಾಯಿತೆಂದು ಒಬ್ಬ ಹುಡುಗನನ್ನು ಎಲ್ಲರೆದುರು ಕಳ್ಳನೆಂದು ಕರೆದು ಹೊಡೆದೆವು. ನಾಲ್ಕು ದಿನಗಳಾದ ಮೇಲೆ ಪೆಟ್ಟಿಗೆಯು ಕಪಾಟಿನ ಹಿಂದೆ ದೊರೆಯಿತು. ನಾವು ಸುಮ್ಮನಿದ್ದುಬಿಟ್ಟೆವು.

ಹೋದ ವರ್ಷ ಭಾದ್ರಪದದಲ್ಲಿ ದಶಲಕ್ಷಣ ಪರ್ವವು ಮುಗಿದು, ಊರಿನ ಜೈನ ಗೃಹಸ್ಥರು ಪದ್ಧತಿಯಂತೆ ಒಬ್ಬರನ್ನೊಬ್ಬರು ಕಂಡು ಕ್ಷಮೆ ಬೇಡುತ್ತಿದ್ದ ದಿನ. ಚಿಕ್ಕೋಡಿಗೆ ಹೋಗುವದಕ್ಕೆಂದು ನಾವು ಬಸ್ಸಿಗೆ ಕಾಯುತ್ತಿರಲು ಅದೇ ಹುಡುಗನು, ಈಗ ಇಬ್ಬರು ಮಕ್ಕಳ ತಂದೆ, ಬಂದು ನಮಸ್ಕರಿಸಿದನು. ನಮ್ಮ ಬಾಯಿಂದ “ಸಾರಿ ಅಪ್ಪಾ” ಎಂದು ಬಂದಿತು.

“ಯಾದಕ್ಕ ರೀ ಗುರುಗಳ?” ಎಂದು ಅವನು ನಕ್ಕನು.

ಯಾವುದಕ್ಕೆಂಬದನ್ನು ನಾವು ಹೇಳಿರಲೇ ಇಲ್ಲ. ಆಗ ಕಂಪಾಸ ಪೆಟ್ಟಿಗೆಯ ಸಂಗತಿಯನ್ನೆಲ್ಲ ಹೇಳಿ, “ನಂದು ತಪ್ಪಾತಪಾ, ನೀ ಕಳ್ಳ ಅಲ್ಲಂತ ಗೊತ್ತಾದ ಮ್ಯಾಲೂ ನಾ ಹೇಳಲಿಲ್ಲ” ಎಂದೆವು. ಅವನ ನಗೆ ನಿಂತಿತು. ಸ್ವಲ್ಪ ಹೊತ್ತು ನೆಲವನ್ನು ನೋಡುತ್ತಿದ್ದು, “ಅವತ್ತ ಮನಿಯಾಗ ನಮ್ಮ ಅಪ್ಪಾನೂ ಹೊಡದಿದ್ದ ನೋಡ್ರಿ” ಎಂದನು.

ಬಸ್ಸು ಬಂದಿತು. ಅವನು ನಮ್ಮ ಚೀಲವನ್ನೆತ್ತಿಕೊಂಡು ಮೊದಲು ಹತ್ತಿ, ಕಿಟಕಿಯ ಬದಿಗೆ ನಮಗೆ ಜಾಗ ಹಿಡಿದನು.